ನರ್ಸಮ್ಮನ ಹೆಸರು ಯಾವ ಪುಸ್ತಕದಲ್ಲಿದೆ?

(ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಲು ಹೋಗಿದ್ದ ನಮ್ಮ ಬ್ಲಾಕಿನ ರೈತರು ಬೆಂಗಳೂರಿನ ಅಕ್ಕಿಪೇಟೆಯ ಛತ್ರವೊಂದರಲ್ಲಿ ತಂಗಿದ್ದ ರಾತ್ರಿ ಗ್ರಾಮಸೇವಕರು ಮಾಡಿದ ಭಾಷಣ. ಪ್ರವಾಸಕ್ಕೆ ಬಾರದವರೂ ಓದಲೆಂದು ಇಲ್ಲಿ ಅಚ್ಚು ಮಾಡಿದೆ.)



ಊಟವಾಯಿತು, ಎಲೆ ಅಡಿಕೆಯೂ ಆಯಿತು. ಈ ರಾತ್ರಿ ನಾನು ಟೊಮೇಟೊ ಸಸಿಮಡಿಯ ವಿಷಯ ಮಾತಾಡಬೇಕೆಂದು ಕಾರ್ಯಕ್ರಮದ ಚೀಟಿಯಲ್ಲಿ ಬರೆದಿದೆ. ಅದನ್ನು ನಾಳೆ ಬಸ್ಸಿನಲ್ಲಿ ಹೇಳುತ್ತೇನೆ. ಸಸಿಮಡಿ ಒಂದು ದಿನ ಕಾಯುತ್ತದೆ, ಕಾಯದೆ ಇರುವ ವಿಷಯ ಇನ್ನೊಂದಿದೆ.

ಇವತ್ತು ಸಂಜೆ ಮಾರ್ಕೆಟ್ಟಿನ ಕಡೆಯಿಂದ ನಡೆದು ಬರುವಾಗ ನಮ್ಮಲ್ಲೊಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಕರಪತ್ರ ತೋರಿಸಿದರು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಮನೆಯಲ್ಲಿ ನನಗೆ ಇನ್ನು ಕಾಫಿ ಸಿಕ್ಕುವುದಿಲ್ಲ. ಗೌಡರು ಎನ್ನುತ್ತೇನೆ, ಅಷ್ಟು ಸಾಕು. ಹತ್ತನೆಯ ತರಗತಿ ಪಾಸಾದ ಹೆಣ್ಣುಮಕ್ಕಳಿಗೆ ಆರೇ ತಿಂಗಳಲ್ಲಿ ನರ್ಸಿಂಗ್ ಸರ್ಟಿಫಿಕೇಟು, ಕೆಲಸ ಖಾತ್ರಿ ಎಂದು ಅದರಲ್ಲಿ ಅಚ್ಚಾಗಿತ್ತು. ಗೌಡರು ಮುಂಗಡ ಕಟ್ಟಲೆಂದು ಜೋಡಿ ಹೋರಿ ಮಾರಿದ ಹಣದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಾರೆ.

“ಸ್ವಾಮಿ, ನೀವು ಓದಿದೋರು. ಇದು ನಂಬೋ ಅಂಥದ್ದೋ ಅಲ್ವೋ, ಒಂದ್ ಮಾತ್ ಹೇಳಿ,” ಎಂದರು.

“ಗೌಡರೆ, ನಾನು ಓದಿರುವುದು ಬೀಜ, ಗೊಬ್ಬರ. ಆದರೂ ರಾತ್ರಿ ಊಟವಾದ ಮೇಲೆ ಎಲ್ಲರ ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ಆ ಗಂಟು ಬಿಚ್ಚಬೇಡಿ,” ಎಂದೆ.

ಬೀಜದಿಂದಲೇ ಶುರು ಮಾಡುತ್ತೇನೆ, ಅದು ನನಗೂ ನಿಮಗೂ ಗೊತ್ತಿರುವ ದಾರಿ. ನೀವು ಪ್ರಮಾಣಿತ ಬತ್ತದ ಬೀಜ ತರುತ್ತೀರಿ. ಚೀಲದ ಬಾಯಿಗೆ ನೀಲಿ ಚೀಟಿ ಹೊಲಿದಿರುತ್ತದೆ. ಆ ಚೀಟಿಯನ್ನು ಅಂಗಡಿಯವನು ಅಚ್ಚು ಹಾಕಿಸುವ ಹಾಗಿಲ್ಲ. ಬೀಜ ಬೆಳೆದ ಹೊಲವನ್ನು ಬಂದು ನೋಡಿ, ಮಾದರಿ ತೆಗೆದು, ಮೊಳಕೆ ಎಣಿಸಿ, ನೂರಕ್ಕೆ ಎಂಬತ್ತಾದರೂ ಮೊಳೆತರೆ ಪ್ರಮಾಣನ ಸಂಸ್ಥೆಯವರು ಕೊಡುವ ಚೀಟಿ ಅದು. ಚೀಟಿ ಇದ್ದ ಮಾತ್ರಕ್ಕೆ ಬೆಳೆ ಖಂಡಿತ ಬರುತ್ತದೆಯೆ? ಇಲ್ಲ. ಮಳೆ ಹೋದರೆ ನೀಲಿ ಚೀಟಿಯ ಬೀಜವೂ ಒಣಗುತ್ತದೆ. ಆದರೆ ಮೊಳಕೆಯೇ ಬರಲಿಲ್ಲ ಎಂದಾಗ ಹಿಡಿದು ಕೇಳಲು ಒಂದು ಅಂಕಿ ಇರುತ್ತದೆ, ಆ ಅಂಕಿಯ ಹಿಂದೆ ಉತ್ತರ ಹೇಳಬೇಕಾದವರು ಇರುತ್ತಾರೆ. ನಾವು ಕೂತಿರುವ ಈ ಅಕ್ಕಿಪೇಟೆ ಹಿಂದೆ ಅಕ್ಕಿ ವ್ಯಾಪಾರದ ಪೇಟೆ, ಹೆಸರೇ ಹೇಳುತ್ತದೆ. ಸಗಟು ಧಾನ್ಯದ ವ್ಯಾಪಾರ ಈಗ ಯಶವಂತಪುರದ ಅಂಗಳಕ್ಕೆ ಹೋಗಿದೆ. ಎಲ್ಲಿಗೆ ಹೋದರೇನು, ತೂಕದ ಕಲ್ಲಿನ ಮೇಲೆ ಸರ್ಕಾರದ ಮುದ್ರೆ ಇದೆಯೋ ಎಂದು ನೋಡದೆ ಮೂಟೆ ಇಳಿಸುವ ರೈತನುಂಟೆ?

ಬೀಜಕ್ಕೆ ಚೀಟಿ ಕೇಳುತ್ತೇವೆ, ತೂಕಕ್ಕೆ ಮುದ್ರೆ ಕೇಳುತ್ತೇವೆ. ಮನೆಯ ಸೊಸೆ ಬಸುರಿಯಾಗಿ ಮಲಗಿದಾಗ ಅವಳ ಕೈಗೆ ಸೂಜಿ ಚುಚ್ಚುವವರು ಯಾರು, ಅವರ ಹೆಸರು ಯಾವ ಪುಸ್ತಕದಲ್ಲಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ನಾನೂ ಕೇಳಿದವನಲ್ಲ. ಬಿಳಿ ಕೋಟು ಕಂಡರೆ ಸಾಕು, ಕೈ ಮುಗಿದು ನಿಲ್ಲುತ್ತೇವೆ.

ಅಂಥ ಒಂದು ಪುಸ್ತಕ ನಿಜವಾಗಿಯೂ ಇದೆ. ಅದಕ್ಕೆ ರಿಜಿಸ್ಟರು ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಅದನ್ನು ಇಟ್ಟುಕೊಂಡು ಬಂದಿರುವುದು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು. ಒಪ್ಪಿಗೆ ಪಡೆದ ಶಾಲೆಯಲ್ಲಿ ಪೂರ್ತಿ ಅವಧಿ ಕಲಿತು, ಆಸ್ಪತ್ರೆಯಲ್ಲಿ ಹಗಲು ಪಾಳಿ ರಾತ್ರಿ ಪಾಳಿ ಮಾಡಿ, ಹಿರಿಯರ ಕಣ್ಣೆದುರು ಹೆರಿಗೆ ಮಾಡಿಸಿ, ಪರೀಕ್ಷೆ ಪಾಸಾದ ಮೇಲೆ ಹೆಸರು ಅಲ್ಲಿ ಏರುತ್ತದೆ. ಹೆಸರಿಗೊಂದು ಸಂಖ್ಯೆ ಬರುತ್ತದೆ. ಕೆಲವರ ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಎಂದು ಬರೆದಿರುವುದನ್ನು ನೀವು ನೋಡಿರಬಹುದು. ರಿಜಿಸ್ಟರಾದ ನರ್ಸು, ರಿಜಿಸ್ಟರಾದ ಸೂಲಗಿತ್ತಿ ಎಂದು ಅದರ ಅರ್ಥ. ಶಾಲೆ ಕೊಡುವ ಸರ್ಟಿಫಿಕೇಟು ಬೇರೆ, ಈ ಸಂಖ್ಯೆ ಬೇರೆ. ಶಾಲೆಯ ಕಾಗದ ಎಷ್ಟೇ ಬಣ್ಣದ್ದಾಗಿರಲಿ, ಪರಿಷತ್ತಿನ ಸಂಖ್ಯೆ ಇಲ್ಲದಿದ್ದರೆ ಆಕೆ ಕಾಯಿದೆಯ ಕಣ್ಣಿಗೆ ನರ್ಸಲ್ಲ.

ಹೆಸರು ಏರುವಂತೆಯೇ ಇಳಿಯಲೂಬಹುದು, ಇದು ಮುಖ್ಯ. ಗಂಡಾಂತರವಾಗುವಂಥ ತಪ್ಪು ನಡತೆ ಕಂಡುಬಂದರೆ ವಿಚಾರಣೆ ಮಾಡಿ, ಆಕೆಯ ಮಾತನ್ನೂ ಕೇಳಿ, ಹೆಸರು ತೆಗೆದುಹಾಕುವ ಅಧಿಕಾರವಿದೆ. ಅದರ ಮೇಲೆ ಅಪೀಲು ಹೋಗುವ ದಾರಿಯೂ ಇದೆ. ಪುಸ್ತಕದಲ್ಲಿ ಹೆಸರೇ ಇಲ್ಲದವಳನ್ನು ಎಲ್ಲಿಂದ ತೆಗೆದುಹಾಕುತ್ತೀರಿ? ಅವಳು ಈ ಊರಲ್ಲಿ ಬೋರ್ಡು ಇಳಿಸಿ ಮುಂದಿನ ಊರಲ್ಲಿ ಏರಿಸುತ್ತಾಳೆ.

ಈ ಪುಸ್ತಕ ಎಲ್ಲಿಂದ ಬಂತು ಎಂಬುದನ್ನೂ ಸ್ವಲ್ಪ ಕೇಳಿ. ಇಂಗ್ಲೆಂಡಿನಲ್ಲಿ ಸೂಲಗಿತ್ತಿಯರ ಕಾಯಿದೆಯಾದದ್ದು 1902ರಲ್ಲಿ. ಅಲ್ಲಿಯೂ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವರು ನೆರೆಮನೆಯ ಮುದುಕಿಯರೇ. ಕಾಯಿದೆ ಒಂದೇ ದಿನಕ್ಕೆ ಅವರನ್ನೆಲ್ಲ ಮನೆಗೆ ಕಳಿಸಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವಳು ತಾನು ಸೂಲಗಿತ್ತಿಯೆಂದು ಹೇಳಿಕೊಳ್ಳಬಾರದು ಎಂಬ ನಿಯಮ 1905ರಿಂದ ಬಂತು. ಡಾಕ್ಟರ ಮೇಲ್ವಿಚಾರಣೆ ಇಲ್ಲದೆ ಹಣಕ್ಕಾಗಿ ಹೆರಿಗೆ ಮಾಡಿಸುವುದನ್ನೇ ಕಸುಬು ಮಾಡಿಕೊಳ್ಳಬಾರದು ಎಂಬುದು 1910ರಿಂದ. ಕಲಿಯಲು ಜನಕ್ಕೆ ಎಂಟು ವರ್ಷ ಕಾಲ ಕೊಟ್ಟರು. ಒಳ್ಳೆಯ ಕಾಯಿದೆ ಹೀಗಿರಬೇಕು ಎಂದು ನನಗೆ ತೋರುತ್ತದೆ.

ನಮ್ಮ ಕಡೆ? ನಾಳೆ ಬೆಳಗ್ಗೆ ನಾವು ವಾಣಿವಿಲಾಸ ಆಸ್ಪತ್ರೆಯ ಮುಂದೆಯೇ ಹೋಗುತ್ತೇವೆ. 1935ರಲ್ಲಿ ತೆರೆದ, ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಆಸ್ಪತ್ರೆ. ನಮ್ಮ ಬ್ಲಾಕಿನ ಎಷ್ಟೋ ಮಕ್ಕಳು ಕಣ್ಣು ಬಿಟ್ಟಿರುವುದು ಅಲ್ಲಿಯೇ. ಅದರ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ತೆರೆದವರು ವೈಸರಾಯ್ ಕರ್ಜನ್. ಅವರ ಹೆಂಡತಿಯ ಮುತುವರ್ಜಿಯಿಂದ 1903ರಲ್ಲಿ ದಾಯಿಯರಿಗೆ ತರಬೇತಿ ಕೊಡಲು ಒಂದು ನಿಧಿ ಹುಟ್ಟಿತು. ಮದರಾಸು ಪ್ರಾಂತದಲ್ಲಿ ನರ್ಸುಗಳ ಮತ್ತು ಸೂಲಗಿತ್ತಿಯರ ಕಾಯಿದೆ 1926ರಲ್ಲಿ ಆಯಿತು. ಆಗ ಮಂಗಳೂರು, ಬಳ್ಳಾರಿ, ಕಾಸರಗೋಡಿನ ಸೀಮೆಗಳು ಮದರಾಸಿಗೆ ಸೇರಿದ್ದುವು. ಮುಂಬಯಿಯ ಕಾಯಿದೆ 1935ರದು; ಧಾರವಾಡ, ಬೆಳಗಾವಿ ಆ ಕಡೆ. ಹೀಗೆ ಕನ್ನಡನಾಡು ಹಂಚಿಹೋಗಿದ್ದಂತೆ ಪುಸ್ತಕಗಳೂ ಹಂಚಿಹೋಗಿದ್ದುವು.

ಸ್ವಾತಂತ್ರ್ಯ ಬರುವ ಮುಂಚೆ, 1946ರಲ್ಲಿ ಭೋರ್ ಸಮಿತಿ ಎಣಿಸಿ ನೋಡಿದಾಗ ಇಡೀ ದೇಶಕ್ಕೆ ಇದ್ದ ನರ್ಸುಗಳು ಸುಮಾರು 7,000, ಸೂಲಗಿತ್ತಿಯರು ಸುಮಾರು 5,000. 1947ರಲ್ಲಿ ಭಾರತ ನರ್ಸಿಂಗ್ ಪರಿಷತ್ತಿನ ಕಾಯಿದೆಯಾಯಿತು. ಎಷ್ಟು ವರ್ಷ, ಏನೇನು ಕಲಿಸಬೇಕು ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ಅಳತೆ ಹಾಕುವುದು ಅದರ ಕೆಲಸ. 1956ರಲ್ಲಿ ನಾಡು ಒಂದಾಯಿತು. ಒಂದಾದ ರಾಜ್ಯಕ್ಕೆ 1961ರ ಮೈಸೂರು ನರ್ಸುಗಳ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯಿದೆ ಬಂತು. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಅದು ಕರ್ನಾಟಕದ ಕಾಯಿದೆಯಾಯಿತು. ರಾಜ್ಯದ ಪರಿಷತ್ತು ನಿಂತಿರುವುದು ಆ ಕಾಯಿದೆಯ ಮೇಲೆ.

ಇನ್ನು 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಮಾಡಿತು. 1947ರ ಕಾಯಿದೆಯ ಜಾಗಕ್ಕೆ ಬರಲೆಂದು ಮಾಡಿದ ಕಾಯಿದೆ ಇದು. ಇದರ ಏರ್ಪಾಟಿನಲ್ಲಿ ದೇಶಕ್ಕೊಂದು ಆಯೋಗ, ರಾಜ್ಯಕ್ಕೊಂದು ಆಯೋಗ. ಓದಿಗೆ ಒಂದು ಮಂಡಳಿ, ಶಾಲೆಗಳನ್ನು ತಪಾಸಣೆ ಮಾಡಿ ಅಳೆಯಲು ಒಂದು, ನಡತೆ ಮತ್ತು ರಿಜಿಸ್ಟರಿಗೆ ಒಂದು. ರಾಷ್ಟ್ರದ ಅಥವಾ ರಾಜ್ಯದ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂದು ಅದರಲ್ಲಿ ಬರೆದಿದೆ. ಕಾಯಿದೆಗಳ ಪಟ್ಟಿ ಇಷ್ಟು ಸಾಕು. ಹಿಂದಿನ ಸಾಲಿನಲ್ಲಿ ಇಬ್ಬರು ಆಕಳಿಸಿದ್ದು ನನಗೆ ಕಾಣಿಸಿತು.

ಈಗ ಎಮ್ಮೆಯ ವಿಷಯಕ್ಕೆ ಬನ್ನಿ. ನಗಬೇಡಿ. ಸೊರ ಬಿಡದ ಎಮ್ಮೆಗೆ ಕೆಲವರು ಒಂದು ಚುಚ್ಚುಮದ್ದು ಹಾಕುತ್ತಾರಲ್ಲ, ಅದರ ಹೆಸರು ಆಕ್ಸಿಟೋಸಿನ್. ಹಾಗೆ ಹಾಲು ಕರೆಯುವುದು ತಪ್ಪು ಎಂದು ಬೇರೆ ಸಭೆಯಲ್ಲಿ ಹೇಳಿದ್ದೇನೆ. ಅದೇ ಔಷಧ ಹೆರಿಗೆಯ ಕೋಣೆಯಲ್ಲೂ ಇದೆ, ಅಲ್ಲಿ ಅದು ಜೀವ ಉಳಿಸುತ್ತದೆ. ಮಗು ಹೊರಗೆ ಬಂದ ಕೂಡಲೆ, ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ನೋಡಿಕೊಂಡು, ಅದನ್ನು ತಾಯಿಗೆ ಕೊಟ್ಟರೆ ಗರ್ಭಕೋಶ ಬಿಗಿಯಾಗಿ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಹೆರಿಗೆಯಾದ ಮೇಲೆ ರಕ್ತ ಹೋಗಿಯೇ ಬಾಣಂತಿಯರು ಹೆಚ್ಚಾಗಿ ಸಾಯುವುದು. ತರಬೇತಾದ ನಮ್ಮ ಉಪಕೇಂದ್ರದ ನರ್ಸಮ್ಮನಿಗೆ ಈ ಚುಚ್ಚುಮದ್ದು ಕೊಡುವ ಅಧಿಕಾರವಿದೆ.

ಇದೇ ಮದ್ದನ್ನು ಮಗು ಇನ್ನೂ ಒಳಗಿರುವಾಗ, ನೋವು ನಿಧಾನವಾಯಿತು ಎಂದು, ಬೇಗ ಮುಗಿಸೋಣವೆಂದು ಒಂದೇ ಸಲಕ್ಕೆ ಚುಚ್ಚಿದರೆ? ಗರ್ಭಕೋಶ ಬಿಡುವಿಲ್ಲದೆ ಹಿಂಡುತ್ತದೆ. ಮಗುವಿಗೆ ಉಸಿರು ತಲುಪುವುದಿಲ್ಲ. ಗರ್ಭಕೋಶವೇ ಹರಿದುಹೋಗಬಹುದು. ಹೆರಿಗೆಗೆ ಮುಂಚೆ ಅದನ್ನು ಕೊಡಬೇಕಾದರೆ ಆಸ್ಪತ್ರೆಯಲ್ಲಿ, ಡಾಕ್ಟರು ಹೇಳಿದ ಮೇಲೆ, ಬಾಟಲಿಯ ನೀರಿನಲ್ಲಿ ಬೆರೆಸಿ ತೊಟ್ಟುತೊಟ್ಟಾಗಿ, ಮಗುವಿನ ಎದೆಬಡಿತ ಕೇಳುತ್ತಾ ಕೊಡುತ್ತಾರೆ. ಆಪರೇಷನ್ನಿಗೆ ಬೇಕಾದದ್ದೆಲ್ಲ ಹತ್ತಿರ ಇರಬೇಕು. ಮದ್ದು ಒಂದೇ, ಗಳಿಗೆ ಬೇರೆ. ಆ ಗಳಿಗೆ ಯಾವುದೆಂದು ಕಲಿಯಲು ಎರಡು ಮೂರು ವರ್ಷ ಬೇಕಾಗುತ್ತದೆ. ಸೂಜಿ ಚುಚ್ಚುವುದನ್ನು ಕಲಿಯಲು ಆರು ತಿಂಗಳೂ ಬೇಡ, ಒಂದು ಮಧ್ಯಾಹ್ನ ಸಾಕು. ಭಯವಿರುವುದೇ ಅಲ್ಲಿ. ಚುಚ್ಚಲು ಬರುವವರೆಲ್ಲ ನರ್ಸಮ್ಮನಂತೆ ಕಾಣುತ್ತಾರೆ.

“ನಮ್ಮಜ್ಜಿ ಯಾವ ಪುಸ್ತಕದಲ್ಲಿ ಹೆಸರು ಬರೆಸಿದ್ಲು? ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದ್ದು,” ಎಂದು ಯಾರೋ ಗೊಣಗಿದ್ದು ಕೇಳಿಸಿತು. ಸರಿಯಾದ ಮಾತು, ಅದನ್ನು ತಳ್ಳಿಹಾಕಲಾರೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವೆಲ್ಲ ಕೇಳಿದ್ದೀರಿ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಜನ ಹೇಳುತ್ತಾರೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟು ಕೊಟ್ಟಿತು, 2018ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅದೇ ವರ್ಷದ ಡಿಸೆಂಬರ್ 25ರಂದು ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂಥವರ ಕೈಗುಣಕ್ಕೆ ಯಾವ ರಿಜಿಸ್ಟರೂ ಸಾಟಿಯಲ್ಲ.

ಆದರೆ ಯೋಚಿಸಿ ನೋಡಿ. ನರಸಮ್ಮನವರನ್ನು ಅವರ ಸೀಮೆಯ ಜನ ಕಣ್ಣಾರೆ ಬಲ್ಲರು. ಎಷ್ಟು ಹೆರಿಗೆ ಸುಸೂತ್ರವಾಯಿತು, ಯಾರಿಗೆ ಕಷ್ಟವಾಯಿತು ಎಂಬುದು ಬಾವಿಕಟ್ಟೆಯಲ್ಲಿ ಕೂತ ಹೆಂಗಸರಿಗೆಲ್ಲ ಗೊತ್ತು. ಊರೇ ಅವರ ರಿಜಿಸ್ಟರು. ಬೆಂಗಳೂರಿನಂಥ ಊರಿನಲ್ಲಿ, ಇಲ್ಲವೆ ತಾಲ್ಲೂಕು ಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ನಡುರಾತ್ರಿ ನಿಮ್ಮ ಮಗಳ ಹಾಸಿಗೆಯ ಪಕ್ಕ ಬಂದು ನಿಲ್ಲುವವಳು ಯಾರ ಮಗಳು, ಎಲ್ಲಿ ಕಲಿತಳು ಎಂದು ನಿಮಗೆ ಹೇಳುವ ಬಾವಿಕಟ್ಟೆ ಯಾವುದು? ಊರು ಹೇಳುತ್ತಿದ್ದುದನ್ನು ಈಗ ಪುಸ್ತಕ ಹೇಳಬೇಕಾಗಿದೆ. ನಮ್ಮ ರಾಜ್ಯದಲ್ಲಿ ಹೆರಿಗೆಗಳು ಈಗ ಆಗುತ್ತಿರುವುದೂ ಹೆಚ್ಚಾಗಿ ಆಸ್ಪತ್ರೆಗಳಲ್ಲಿಯೇ. 2005-06ರ ಸಮೀಕ್ಷೆಯಲ್ಲಿ ನೂರಕ್ಕೆ 65 ಇದ್ದದ್ದು 2019-20ರ ಹೊತ್ತಿಗೆ 97 ಆಗಿದೆ. ಲಕ್ಷ ಮಕ್ಕಳು ಹುಟ್ಟುವಲ್ಲಿ ಸಾಯುತ್ತಿದ್ದ ತಾಯಂದಿರು 2001-03ರಲ್ಲಿ 228, 2018-20ರಲ್ಲಿ 69. ಇದಕ್ಕೆ ರಸ್ತೆ, 108ರ ಗಾಡಿ, ರಕ್ತದ ಬಾಟಲಿ ಎಲ್ಲವೂ ಕಾರಣ. ರಾತ್ರಿ ಪಾಳಿಯ ಕಲಿತ ಕೈಯನ್ನೂ ಆ ಲೆಕ್ಕಕ್ಕೆ ಸೇರಿಸಿ.

ನಮ್ಮ ಆಶಾ ಅಕ್ಕಂದಿರ ವಿಷಯದಲ್ಲೂ ಗೊಂದಲ ಬೇಡ. ಅವರು ಮನೆಮನೆಗೆ ಬಂದು ಬಸುರಿಯನ್ನು ತಾಯಿ ಕಾರ್ಡಿಗೆ ಹತ್ತಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಬರುವವರು. ಅವರ ಉಪಕಾರ ದೊಡ್ಡದು, ಆದರೆ ಅವರು ನರ್ಸುಗಳಲ್ಲ. “ಅಕ್ಕಾ, ನೀನೇ ಒಂದು ಇಂಜೆಕ್ಷನ್ ಹಾಕಿಬಿಡು” ಎಂದು ಅವರನ್ನು ಒತ್ತಾಯ ಮಾಡಿ ಸಂಕಟಕ್ಕೆ ಸಿಕ್ಕಿಸಬೇಡಿ.

ಈಗ ಗೌಡರ ಗಂಟಿನ ವಿಷಯ. ಎಲ್ಲರೂ ಕೇಳಿಸಿಕೊಳ್ಳಿ, ಹೆಣ್ಣುಮಕ್ಕಳಿರುವ ಮನೆ ಇವರದೊಂದೇ ಅಲ್ಲ. ನರ್ಸಿಂಗಿಗೆ ಹೋಗುವ ದಾರಿ ಮುಖ್ಯವಾಗಿ ಮೂರು. ಹಳ್ಳಿಯ ಉಪಕೇಂದ್ರದಲ್ಲಿ ಕೆಲಸ ಮಾಡುವ ಎ.ಎನ್.ಎಂ. ಓದು ಎರಡು ವರ್ಷ. ಜಿ.ಎನ್.ಎಂ. ಎಂಬ ಡಿಪ್ಲೊಮಾ ಮೂರು ವರ್ಷ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷ. ಮೂರಕ್ಕೂ ಪಿಯುಸಿ ಪಾಸಾಗಿರಬೇಕು, ಹದಿನೇಳು ವರ್ಷ ತುಂಬಿರಬೇಕು, ಬಿ.ಎಸ್‌ಸಿ.ಗೆ ಪಿಯುಸಿಯಲ್ಲಿ ಜೀವಶಾಸ್ತ್ರದೊಡನೆ ವಿಜ್ಞಾನವನ್ನೇ ಓದಿರಬೇಕು. ಗಂಡುಮಕ್ಕಳೂ ಜಿ.ಎನ್.ಎಂ., ಬಿ.ಎಸ್‌ಸಿ. ಓದಿ ನರ್ಸಾಗಬಹುದು, ಆಗುತ್ತಿದ್ದಾರೆ. ಹಾಗಾದರೆ ಹತ್ತನೆಯ ತರಗತಿಯ ಮೇಲೆ ಆರು ತಿಂಗಳಲ್ಲಿ ನರ್ಸಾಗುವ ದಾರಿ ಯಾವುದು? ಅಂಥದೊಂದು ಇಲ್ಲವೇ ಇಲ್ಲ. ರೋಗಿಯ ಬಟ್ಟೆ ಬದಲಿಸುವುದು, ಉಣಿಸುವುದು, ಗಾಲಿ ಕುರ್ಚಿ ತಳ್ಳುವುದು, ಇಂಥ ಸಹಾಯಕರ ಕೆಲಸಕ್ಕೆ ಕೆಲವು ತಿಂಗಳ ತರಬೇತಿ ಇರುತ್ತದೆ. ಅದು ಮರ್ಯಾದೆಯ ದುಡಿಮೆಯೇ. ಅದನ್ನು ಅದರ ಹೆಸರಿನಲ್ಲೇ ಕಲಿಸಿದರೆ ನನ್ನ ತಕರಾರಿಲ್ಲ. ಆ ತರಬೇತಿಗೆ ನರ್ಸಿಂಗ್ ಎಂದು ಹೆಸರಿಟ್ಟು ಹೋರಿಯ ದುಡ್ಡು ಕಸಿಯುವುದು ಮೋಸ. ಆರು ತಿಂಗಳ ಮೇಲೆ ಆ ಹುಡುಗಿಯ ಕೈಯಲ್ಲಿ ಒಂದು ಬಣ್ಣದ ಕಾಗದ ಇರುತ್ತದೆ. ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕಿದರೆ ಮೊದಲು ಕೇಳುವುದೇ ರಿಜಿಸ್ಟರ್ ಸಂಖ್ಯೆ. ಅದು ಇಲ್ಲ. ಕೊನೆಗೆ ಯಾವುದೋ ಒಂದು ಕಡೆ ಕಡಿಮೆ ಸಂಬಳಕ್ಕೆ ನರ್ಸಿನ ಉಡುಪು ತೊಡಿಸಿ ರಾತ್ರಿ ಪಾಳಿಗೆ ನಿಲ್ಲಿಸುತ್ತಾರೆ. ಅಲ್ಲಿ ಒಂದು ಅನಾಹುತವಾದರೆ, ಸಿಕ್ಕಿಬೀಳುವವಳು ಕಾಗದ ಕೊಟ್ಟವನಲ್ಲ, ಆ ಹುಡುಗಿ. ಹತ್ತೊಂಬತ್ತು ವರ್ಷದ ಹುಡುಗಿ, ನಿಮ್ಮ ನಮ್ಮ ಮನೆಯವಳು. ಈ ಮಾತು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಆದುದರಿಂದ ಹಣ ಕಟ್ಟುವ ಮುಂಚೆ ಶಾಲೆಯವರನ್ನು ಕೇಳಿ: ರಾಜ್ಯ ನರ್ಸಿಂಗ್ ಪರಿಷತ್ತಿನ ಒಪ್ಪಿಗೆಯ ಪತ್ರ ಎಲ್ಲಿ, ಅದು ಯಾವ ವರ್ಷಕ್ಕೆ, ಎಷ್ಟು ಸೀಟಿಗೆ? ಹಳೆಯ ಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದರೆ ಸಾಲದು. ಪರೀಕ್ಷೆ ನಡೆಸುವವರು ಯಾರು ಎಂದೂ ಕೇಳಿ. ಡಿಪ್ಲೊಮಾ ಆದರೆ ರಾಜ್ಯದ ನರ್ಸಿಂಗ್ ಡಿಪ್ಲೊಮಾ ಪರೀಕ್ಷಾ ಮಂಡಳಿ, ಬಿ.ಎಸ್‌ಸಿ. ಆದರೆ ಇದೇ ಊರಿನಲ್ಲಿ 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಇಲ್ಲವೆ ಕಾನೂನು ಒಪ್ಪಿದ ಬೇರೆ ವಿಶ್ವವಿದ್ಯಾಲಯ. “ಪರೀಕ್ಷೆ ನಾವೇ ಮಾಡ್ತೀವಿ, ಸರ್ಟಿಫಿಕೇಟು ನಾವೇ ಕೊಡ್ತೀವಿ” ಎಂದರೆ ಎದ್ದು ಬನ್ನಿ. ಮಕ್ಕಳು ಯಾವ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಾರೆ ಎಂದು ಕೇಳಿ, ಆ ಆಸ್ಪತ್ರೆಗೂ ಒಮ್ಮೆ ಹೋಗಿ ನೋಡಿ. ಹಾಸಿಗೆ ಇಲ್ಲದ ಆಸ್ಪತ್ರೆಯಲ್ಲಿ ಹೆರಿಗೆ ಕಲಿಯುವುದು ನೀರಿಲ್ಲದ ಗದ್ದೆಯಲ್ಲಿ ನಾಟಿ ಕಲಿತ ಹಾಗೆ. ಸರ್ಕಾರದ ನರ್ಸಿಂಗ್ ಕಾಲೇಜು ಇಲ್ಲೇ ಕೋಟೆಯಲ್ಲಿದೆ. ಸೀಟು ಸಿಕ್ಕುವುದು ಕಷ್ಟ, ಆದರೆ ಕೇಳಿದರೆ ದುಡ್ಡಿಲ್ಲ.

ಖಾಸಗಿ ಆಸ್ಪತ್ರೆಗೆ ಹೆರಿಗೆಗೆ ಹೋಗುವವರು ಗೋಡೆಯ ಮೇಲೆ ಕಣ್ಣಾಡಿಸಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಅಂಥ ಆಸ್ಪತ್ರೆಗಳೂ ನೋಂದಣಿಯಾಗಿರಬೇಕು, ನೋಂದಣಿಯ ಪತ್ರ ಕಾಣುವಂತೆ ಹಾಕಿರಬೇಕು. ಅದು ಕಾಣದಿದ್ದರೆ ಕೇಳಿ. ರಾತ್ರಿ ರಿಜಿಸ್ಟರಾದ ನರ್ಸು ಇರುತ್ತಾರೆಯೆ ಎಂದೂ ಮೆತ್ತಗೆ ಕೇಳಿ. ಜಗಳದ ದನಿ ಬೇಡ. ರಾತ್ರಿಯೆಲ್ಲ ಕಾಲ ಮೇಲೆ ನಿಂತು ದುಡಿಯುವ ಒಳ್ಳೆಯ ನರ್ಸುಗಳೇ ಹೆಚ್ಚು, ಅವರ ಮನಸ್ಸು ನೋಯಬಾರದು. ನಮ್ಮ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ನಾನು ಒಮ್ಮೆ ಕೇಳಿದೆ, ಯಾರಾದರೂ ನಿಮ್ಮ ಸಂಖ್ಯೆ ಕೇಳಿದರೆ ಬೇಜಾರಾಗುವುದಿಲ್ಲವೆ ಎಂದು. “ಕೇಳ್ಲಿ ಸಾರ್. ಮೂರು ವರ್ಷ ಮನೆ ಬಿಟ್ಟು ಹಾಸ್ಟೆಲಲ್ಲಿದ್ದು ಸಂಪಾದಿಸಿದ್ದು ಅದು. ಇಲ್ಲೀವರ್ಗೂ ಒಬ್ರೂ ಕೇಳಿಲ್ಲ,” ಎಂದರು.

ತಪ್ಪು ನಡೆದಿದೆ ಎಂದು ಗಟ್ಟಿಯಾಗಿ ತೋರಿದರೆ ಬರೆದು ಕೊಡಿ: ತಾರೀಖು, ಹೊತ್ತು, ಕೊಟ್ಟ ಔಷಧದ ಚೀಟಿ, ಕಂಡವರ ಹೆಸರು. ಆಸ್ಪತ್ರೆಯ ವಿಷಯವಾದರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ನರ್ಸಿನ ನಡತೆಯ ವಿಷಯವಾದರೆ ಪರಿಷತ್ತಿಗೆ. ಚಾವಡಿಯಲ್ಲಿ ಕೂಗಾಡಿದ್ದು ಯಾವ ಪುಸ್ತಕಕ್ಕೂ ಏರುವುದಿಲ್ಲ.

ಹೊತ್ತಾಯಿತು. ಛತ್ರದವರು ದೀಪ ಆರಿಸಬೇಕು ಎನ್ನುತ್ತಿದ್ದಾರೆ.

(ಮಾರನೆಯ ದಿನ ಗೌಡರು, ನಾನು, ಇನ್ನಿಬ್ಬರು ಆ ಕರಪತ್ರದ ವಿಳಾಸಕ್ಕೆ ಹೋದೆವು. ಮೇಜಿನ ಹಿಂದೆ ಕೂತಿದ್ದವರು ಬಹಳ ಆದರದಿಂದ ಕಾಫಿ ತರಿಸಿದರು. ಗೌಡರು ಪರಿಷತ್ತಿನ ಪತ್ರ ಕೇಳಿದರು. ಅದು ಹೆಡ್ಡಾಫೀಸಿನಲ್ಲಿದೆ ಎಂದರು. ಹೆಡ್ಡಾಫೀಸು ಎಲ್ಲಿ ಎಂದು ಕೇಳಿದಾಗ ಫೋನು ಬಂತೆಂದು ಒಳಗೆ ಹೋದವರು ನಾವು ಕಾಫಿ ಮುಗಿಸುವವರೆಗೂ ಹೊರಗೆ ಬರಲಿಲ್ಲ. ಗೌಡರ ಮಗಳು ಈಗ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಪಿಯುಸಿಗೆ ಸೇರಿದ್ದಾಳೆ, ಜೀವಶಾಸ್ತ್ರ ತೆಗೆದುಕೊಂಡಿದ್ದಾಳೆ. ಬೇರೆ ಯಾರಿಗಾದರೂ ಇಂಥ ಕರಪತ್ರ ಬಂದಿದ್ದರೆ ಸೋಮವಾರ ಬೆಳಗ್ಗೆ ಬ್ಲಾಕ್ ಕಛೇರಿಗೆ ತನ್ನಿ, ಕೂತು ಓದೋಣ.)